ಚರ್ಮ ಸುಲಿಯುವ ಮಾತು

ನಾನು ಚರ್ಮದ ಡಾಕ್ಟರು. ಇಪ್ಪತ್ತು ವರ್ಷದಿಂದ ಬೇರೆಯವರ ಚರ್ಮ ನೋಡಿಯೇ ಅನ್ನ ತಿಂದಿದ್ದೇನೆ, ಮೊದಲು ದಾವಣಗೆರೆಯಲ್ಲಿ, ಈಗ ಲೀಡ್ಸಿನ ಒಂದು ಆಸ್ಪತ್ರೆಯಲ್ಲಿ. ಆದರೂ ಚರ್ಮ ಎಂಬ ಪದ ಕಿವಿಗೆ ಬಿದ್ದರೆ ನನಗೆ ಮೊದಲು ನೆನಪಾಗುವುದು ರೋಗವಲ್ಲ, ಅಪ್ಪ. "ಚರ್ಮ ಸುಲಿದು ಚಪ್ಪಲಿ ಹೊಲಿಸ್ತೀನಿ ನೋಡು" ಎನ್ನುವುದು ಅಪ್ಪನ ದಿನಬಳಕೆಯ ಮಾತಾಗಿತ್ತು. "ಕಾಲು ಮುರಿದು ಕೈಗೆ ಕೊಡ್ತೀನಿ", "ಹುಟ್ಟಿಲ್ಲ ಅನ್ನಿಸಿಬಿಡ್ತೀನಿ" ಇವೆಲ್ಲ ಅದರ ಅಕ್ಕತಂಗಿಯರು. ನಮ್ಮ ಬೀದಿಯ ಎಲ್ಲ ಮನೆಗಳಲ್ಲೂ ಈ ಮಾತುಗಳು ಓಡಾಡುತ್ತಿದ್ದವು. ಬರೀ ಮಾತು ಎಂದು ಎಲ್ಲರಿಗೂ ಗೊತ್ತಿತ್ತು.

ನಮ್ಮ ಮನೆಯಲ್ಲಿ ಅದು ಬರೀ ಮಾತಾಗಿರಲಿಲ್ಲ. ಅಪ್ಪ ಗಣಿತದ ಮೇಷ್ಟ್ರು, ದಂಡಂ ದಶಗುಣಂ ಎಂದು ನಂಬಿದವರು. ಅಣ್ಣನಿಗೆ ಹನ್ನೆರಡು ವರ್ಷವಿದ್ದಾಗ ಒಂದು ಲೆಕ್ಕ ಮೂರನೇ ಸಲ ತಪ್ಪಾಯಿತೆಂದು ಅಂಗೈ ಅಗಲಿಸಿ ಅವನ ಎಡಗಿವಿಗೆ ಬಾರಿಸಿದರು. ಅಣ್ಣ ಬೀರುವಿನ ಮೂಲೆಗೆ ಹೋಗಿ ಬಿದ್ದ. ಕಿವಿಯಿಂದ ರಕ್ತ ಇಳಿದು ಶಾಲೆಯ ಬಿಳಿ ಅಂಗಿಯ ಮೇಲೆ ನಿಧಾನವಾಗಿ ಹರಡಿತು. ಅಮ್ಮ ಬೆಳ್ಳುಳ್ಳಿ ಕಾಯಿಸಿದ ಎಣ್ಣೆ ಬಿಟ್ಟಳು. ಆ ಕಿವಿ ಇವತ್ತಿಗೂ ಕೇಳುವುದಿಲ್ಲ. ಮದುವೆಮನೆಗಳಲ್ಲಿ ಇದು ನಮ್ಮ ಮನೆತನದ ಜೋಕು: ಅವನ ಎಡಗಡೆ ನಿಂತು ಬೈದರೆ ಬೈಗುಳ ದಂಡ. ಹೇಳಿ ಎಲ್ಲರೂ ನಗುತ್ತೇವೆ, ಅಣ್ಣನೂ ನಗುತ್ತಾನೆ. ನಾನು ಎಲ್ಲರಿಗಿಂತ ಚೆನ್ನಾಗಿ ಹೇಳುತ್ತೇನೆ.

ನಾವಿರುವುದು ಲೀಡ್ಸಿನ ಉತ್ತರಕ್ಕೆ, ಎರಡು ಸಂಸಾರಗಳು ಒಂದೇ ಗೋಡೆಗೆ ಬೆನ್ನು ಕೊಟ್ಟ ಜೋಡಿಮನೆಯಲ್ಲಿ. ಇಲ್ಲಿಯವರು ಅದಕ್ಕೆ ಸೆಮಿ ಅನ್ನುತ್ತಾರೆ. ಈಚೆ ನಾನು, ವಾರಕ್ಕೆ ನಾಲ್ಕು ದಿನ ದೂರದ ಊರು ಬರ್ಚ್‌ವುಡ್‌ನ ಆಫೀಸಿಗೆ ಕಾರು ಓಡಿಸುವ ನನ್ನ ಗಂಡ, ಮತ್ತು ಆಗ ಒಂಬತ್ತು ವರ್ಷದ ನನ್ನ ಮಗಳು. ಆಚೆ ಎಂಬತ್ತಾರರ ಒಬ್ಬ ಯಹೂದಿ ಅಜ್ಜ, ಹೆಂಡತಿ ತೀರಿಕೊಂಡ ಮೇಲೆ ಒಂಟಿ. ಕೋಟು ಹೊಲಿಯುವ ಕಾರ್ಖಾನೆಯಲ್ಲಿ ನಲವತ್ತು ವರ್ಷ ಬಟ್ಟೆ ಕತ್ತರಿಸಿದವರು. ಯಾರು ಎದುರಾದರೂ ಮುಖಕ್ಕಿಂತ ಮೊದಲು ಭುಜ ನೋಡುತ್ತಿದ್ದರು. ಮಂಡಿ ಹೋಗಿತ್ತು, ಹಲ್ಲು ಹೋಗಿತ್ತು, ಕಿವಿ ಮಾತ್ರ ಹದಿನೆಂಟರ ಹುಡುಗನದು. "ನಿನ್ನೆ ನಿಮ್ಮ ಕುಕ್ಕರ್ ಏಳು ಸಲ ಕೂಗಿತು ಡಾಕ್ಟರ್, ಬೇಳೆ ಬದುಕಿದೆಯಾ?" ಎಂದು ಬೇಲಿಯಾಚೆಯಿಂದ ಕೇಳುತ್ತಿದ್ದರು. ಮೂರು ವರ್ಷ ನಮ್ಮ ಸಂಬಂಧ ಇಷ್ಟೇ ಇತ್ತು.

ಅಕ್ಟೋಬರಿನ ಒಂದು ಶನಿವಾರ ಮಧ್ಯಾಹ್ನ ನಾನು ಕಸ ಹಾಕಲು ಹೊರಬಂದಾಗ ಅಜ್ಜ ತಮ್ಮ ಗೇಟು ಹಿಡಿದು ನಿಂತಿದ್ದರು. ತಲೆಯ ಮೇಲಿನ ಪುಟ್ಟ ಟೋಪಿ ಇರಲಿಲ್ಲ. ಹುಬ್ಬಿನ ಮೇಲೆ ಚರ್ಮ ಬಾಯಿ ಬಿಟ್ಟಿತ್ತು. ರಕ್ತ ಕಣ್ಣಿಗಿಳಿದು, ಗದ್ದಕ್ಕಿಳಿದು, ಕಾಲರಿನೊಳಗೆ ಹೋಗುತ್ತಿತ್ತು. ಪ್ರಾರ್ಥನೆ ಮುಗಿಸಿ ನಡೆದು ಬರುತ್ತಿದ್ದಾಗ ಯಾವುದೋ ಕಾರಿನಿಂದ ಬಾಟಲಿ ತೂರಿ ಬಂದಿತ್ತು. ಎಸೆದವರು ಏನೋ ಕೂಗಿ, ನಕ್ಕು, ಹೋಗಿದ್ದರು. ಏನು ಕೂಗಿದರೆಂದು ಅಜ್ಜ ಹೇಳಲಿಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು. ಆ ಕೈ ನನಗೆ ಸಿಕ್ಕಿದ್ದರೆ ಬೆರಳು ಬೆರಳೇ ಮುರಿಯುತ್ತಿದ್ದೆ, ಸುಳ್ಳು ಹೇಳುವುದಿಲ್ಲ.

ಆಸ್ಪತ್ರೆಗೆ ಹೋಗೋಣ, ಕಾರು ಹತ್ತಿ ಎಂದೆ. ಶನಿವಾರ ಅವರ ಧರ್ಮದ ವಿಶ್ರಾಂತಿಯ ದಿನ, ಅವತ್ತು ಅವರು ಕಾರು ಹತ್ತುವುದಿಲ್ಲ. ಪ್ರಾಣ ಹೋಗುವ ಹಾಗಿದ್ದರೆ ಹತ್ತಬಹುದಂತೆ. "ಇದು ಪ್ರಾಣ ಅಲ್ಲ ಲವ್, ಹುಬ್ಬು" ಅಂದರು. ಯಾರ್ಕ್‌ಶೈರಿನಲ್ಲಿ ಬಸ್ಸಿನ ಡ್ರೈವರಿನಿಂದ ಹಿಡಿದು ಎಲ್ಲರೂ ಎಲ್ಲರಿಗೂ ಲವ್ ಅನ್ನುತ್ತಾರೆ, ಆದರೆ ಅವರು ನನ್ನನ್ನು ಹಾಗೆ ಕರೆದದ್ದು ಅವತ್ತೇ ಮೊದಲು. ಅವರ ಅಡುಗೆಮನೆಯಲ್ಲಿ ಕೂರಿಸಿ, ಚಿಮುಟದಿಂದ ಗಾಜಿನ ಚೂರು ಒಂದೊಂದೇ ತೆಗೆದು ತಟ್ಟೆಗೆ ಹಾಕಿದೆ. ಪ್ರತಿ ಚೂರಿಗೂ ರಕ್ತ ಹೊಸದಾಗಿ ಉಕ್ಕಿತು. ನೋವು ಮರೆಯಲೋ ಏನೋ, ಅಜ್ಜ ಕಥೆ ಹೇಳತೊಡಗಿದರು.

ಅವರ ತೋರಾ ಗ್ರಂಥವನ್ನು ವಾರಕ್ಕೊಂದು ಭಾಗದಂತೆ ಒಂದು ವರ್ಷದಲ್ಲಿ ಓದಿ ಮುಗಿಸಿ, ಮತ್ತೆ ಮೊದಲಿನಿಂದ ಶುರು ಮಾಡುತ್ತಾರಂತೆ. ಅದು ಶುರುವಿನ ವಾರ. ಸೃಷ್ಟಿ, ತೋಟ, ಹಾವು, ಆಮೇಲೆ ಮೊದಲ ಕೊಲೆ. "ಇಡೀ ಪ್ರಪಂಚದಲ್ಲಿ ನಾಲ್ಕೇ ಜನ, ಅದರಲ್ಲೇ ಅಣ್ಣ ತಮ್ಮನನ್ನು ಹೊಲದಲ್ಲಿ ಹೊಡೆದು ಕೊಂದ" ಅಂದರು. ನನಗೆ ನಗು ಬಂತು. ಧರ್ಮಗ್ರಂಥ ಅಂದರೆ ಸುಳ್ಳು ಹೇಳಬೇಡ, ಹಿರಿಯರಿಗೆ ನಮಸ್ಕರಿಸು ಎಂದೆಲ್ಲ ಇರುತ್ತದೆ ಎಂದುಕೊಂಡಿದ್ದೆ. "ಕೊಂದವನನ್ನ ದೇವರು ಏನು ಕೇಳಿದ ಗೊತ್ತಾ? ಯಾಕೆ ಕೊಂದೆ ಅಂತ ಅಲ್ಲ. ತಮ್ಮ ಎಲ್ಲಿ ಅಂತ. ದೇವರಿಗೆ ಗೊತ್ತಿತ್ತು. ಅವನ ಬಾಯಿಂದ ಬರಲಿ ಅಂತ ಕೇಳಿದ."

ಮುಂದಿನ ಶುಕ್ರವಾರ ಗಾಯ ನೋಡಲು ಹೋದೆ, ಆ ವಾರದ ಕಥೆ ಕೇಳಿಬಂದೆ. ಗಾಯ ಮಾಯಿತು, ಶುಕ್ರವಾರ ಉಳಿಯಿತು. ಮಗಳೂ ಬರುತ್ತಿದ್ದಳು. ಅವಳಿಗೆ ಕನ್ನಡ ಎಲ್ಲ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಅಮ್ಮ, ಸಾಕು, ಹೂಂ, ಬೇಡ, ಇಷ್ಟೇ ಅವಳ ಬಾಯಿಗೆ ಬರುತ್ತಿದ್ದ ಕನ್ನಡ. ಅಜ್ಜನ ಮನೆಯ ಬಿಸ್ಕತ್ತಿಗಾಗಿ ಬರುತ್ತಾಳೆ ಎಂದುಕೊಂಡಿದ್ದೆ. ಅವಳು ಬರುತ್ತಿದ್ದದ್ದು ಕಥೆಗೆ.

ಚಳಿಗಾಲದ ಕಥೆಗಳೆಲ್ಲ ರಕ್ತದವು. ತಂಗಿಯ ಮಾನ ಹೋಯಿತೆಂದು ಇಬ್ಬರು ಅಣ್ಣಂದಿರು ಊರಿಗೆ ಊರನ್ನೇ ಕತ್ತಿಯಿಂದ ಕಡಿದರು. ನಮ್ಮಲ್ಲೂ ಎದೆ ಬಗೆದು ರಕ್ತ ಕುಡಿದ ಕಥೆ ಇದೆ ಎಂದು ನಾನೂ ಪೈಪೋಟಿಗೆ ಬಿದ್ದೆ. ಇನ್ನೊಂದು ವಾರ ಹತ್ತು ಜನ ಅಣ್ಣಂದಿರು ತಮ್ಮನ ಅಂಗಿ ಕಿತ್ತು, ಅವನನ್ನು ಬಾವಿಯಂಥ ಗುಂಡಿಗೆ ತಳ್ಳಿದರು. ಆಮೇಲೆ ಅಲ್ಲೇ ಊಟಕ್ಕೆ ಕೂತರು. ಅಜ್ಜ ಆ ಊಟವನ್ನು ಬಿಡಲೇ ಇಲ್ಲ. "ತಳ್ಳಿದ್ದು ಸಿಟ್ಟು. ಸಿಟ್ಟು ಎಲ್ಲರಿಗೂ ಬರತ್ತೆ. ಆದರೆ ಅವನು ಕೆಳಗಿಂದ ಕೂಗ್ತಾ ಇರುವಾಗ ರೊಟ್ಟಿ ಮುರಿದರಲ್ಲ, ಅದು ಸಿಟ್ಟಲ್ಲ." ಅವತ್ತೇ ಅವರು ನನಗೂ ಅಣ್ಣಂದಿರಿದ್ದಾರಾ ಎಂದು ಕೇಳಿದ್ದು. ನಾನು ಕಿವಿಯ ಜೋಕು ಹೇಳಿದೆ, ಬೀರು, ಬೆಳ್ಳುಳ್ಳಿ ಎಣ್ಣೆ, ಎಡಗಡೆಯ ಬೈಗುಳ, ಎಲ್ಲ ಸೇರಿಸಿ. ಅಜ್ಜ ನಗಲಿಲ್ಲ. ಮಗಳು ಬಿಸ್ಕತ್ತು ಅರ್ಧ ಕಚ್ಚಿ ಹಿಡಿದುಕೊಂಡು ನನ್ನನ್ನೇ ನೋಡುತ್ತಿದ್ದಳು.

ಮಾರ್ಚಿನಲ್ಲಿ ಅವರಿಗೊಂದು ಗದ್ದಲದ ಹಬ್ಬ, ಪುರಿಮ್. ತಮ್ಮನ್ನು ಕೊಲ್ಲಲು ಹೊರಟ ಒಬ್ಬ ಮಂತ್ರಿಯ ಕಥೆ ಓದುತ್ತಾರೆ. ಓದುವಾಗ ಅವನ ಹೆಸರು ಬಂದ ಕೂಡಲೇ ಮರದ ಗಿರಿಗಟ್ಟೆ ಗರಗರ ತಿರುಗಿಸಿ, ಕಾಲು ಬಡಿದು, ಹೆಸರೇ ಕೇಳದಂತೆ ಮಾಡುತ್ತಾರೆ. ಅಜ್ಜ ಮಗಳಿಗೊಂದು ಗಿರಿಗಟ್ಟೆ ಕೊಟ್ಟರು. ಸದ್ದಿನಿಂದ ಸದ್ದು ಮುಚ್ಚುವ ಹಬ್ಬ ಎಂದು ನಾನು ತಮಾಷೆ ಮಾಡಿದೆ.

ಅದಾದ ಎರಡು ವಾರಕ್ಕೆ ನಮ್ಮ ಯುಗಾದಿ ಬಂತು. ನಾನು ಬೆಳಗಿನ ಕ್ಲಿನಿಕ್ ಮುಗಿಸಿ ಬಂದಿದ್ದೆ. ಗಂಡ ಬರ್ಚ್‌ವುಡ್‌ನಲ್ಲಿದ್ದ. ಸಂಜೆ ನಾಲ್ಕಕ್ಕೆ ಹೋಳಿಗೆ ಬೇಯಿಸುತ್ತ, ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿ ಅಪ್ಪನಿಗೆ ವಿಡಿಯೋ ಕಾಲ್ ಮಾಡಿದ್ದೆ. ಈಗ ಅಪ್ಪನಿಗೆ ಎಂಬತ್ತೊಂದು. ಬಾಯಿ ಬೊಚ್ಚು, ನಗು ಮಗುವಿನದು. "ತಾತಂಗೆ ಹಬ್ಬದ ನಮಸ್ಕಾರ ಹೇಳು" ಎಂದು ಮಗಳನ್ನು ಕರೆದೆ. ಅವಳು ಬಂದು, ಫೋನು ಕೈಗೆತ್ತಿಕೊಂಡು, ಒಂದೊಂದೇ ಪದ ಬಿಡಿಸಿ ಇಂಗ್ಲಿಷಿನಲ್ಲಿ ಕೇಳಿದಳು: ಮಾಮನ ಕಿವಿ ಹೋಗುವ ಹಾಗೆ ನೀವು ಹೊಡೆದದ್ದು ನಿಜವಾ? ಅದಕ್ಕೆ ನೀವು ಸಾರಿ ಹೇಳಿದ್ರಾ?

ಅಪ್ಪನಿಗೆ ಇಂಗ್ಲಿಷು ಚೆನ್ನಾಗಿಯೇ ಬರುತ್ತದೆ. ಆ ಬೊಚ್ಚುಬಾಯಿಯ ನಗು ಹಾಗೇ ನಿಂತುಬಿಟ್ಟಿತು. ಆಮೇಲೆ ನನ್ನ ಕಡೆ ತಿರುಗಿ, "ಹಿಂಗೇನು ಬೆಳೆಸಿರೋದು ನೀನು?" ಅಂದರು. ನಲವತ್ತೈದು ವರ್ಷದ ನಾನು ಎಂಟು ವರ್ಷದವಳಾದೆ. ಫೋನು ಕಿತ್ತು ಕಾಲ್ ಕಟ್ ಮಾಡಿದೆ. ಬಲಗೈಯಲ್ಲಿ ಹೋಳಿಗೆ ತಿರುವುವ ಸ್ಟೀಲಿನ ಸಟ್ಟುಗ ಇತ್ತು, ಕಾದ ಹಂಚಿನಿಂದ ಆಗಷ್ಟೇ ಎತ್ತಿದ್ದು. ಅದರಲ್ಲೇ ಹೊಡೆದೆ. ಮೊದಲನೆಯದು ತೋಳಿಗೆ ಬಿತ್ತು. ಅವಳು ಕೈ ಅಡ್ಡ ಹಿಡಿದಳು. ಎರಡನೆಯದು ಮುಂಗೈಯ ಒಳಭಾಗಕ್ಕೆ, ಅಂಚು ಕೂರುವ ಹಾಗೆ. ಚುರ್ ಎಂದ ಸದ್ದು ನನಗೆ ಕೇಳಿಸಿತು. ಅವಳು ಕಿರುಚಿದಳು, ಗೋಡೆಗೆ ಒರಗಿ ಕುಸಿದಳು. ನಾನು ಮೂರನೆಯದಕ್ಕೆ ಕೈ ಎತ್ತಿದ್ದೆ. "ಚರ್ಮ ಸುಲೀತೀನಿ!" ಎಂದು ಕೂಗುತ್ತಿದ್ದೆ. ಅದು ಅಪ್ಪನ ಧ್ವನಿ, ಅಪ್ಪನ ಪದ, ಅಪ್ಪನ ಕೈ. ಹಂಚಿನ ಮೇಲೆ ಹೋಳಿಗೆ ಸೀದು ಹೊಗೆಯೆದ್ದಿತು. ಹೊಗೆಗೆ ಚಾವಣಿಯ ಅಲಾರಂ ಹೊಡೆದುಕೊಂಡ ಮೇಲೆ ಕೈ ಇಳಿಸಿದೆ.

ಆಮೇಲೆ ನಾನು ಒಳ್ಳೆಯ ಡಾಕ್ಟರಾದೆ. ಇಪ್ಪತ್ತು ನಿಮಿಷ ತಣ್ಣೀರಿನಡಿ ಕೈ ಹಿಡಿಸಿದೆ. ಬೆರಳುದ್ದದ ಸುಟ್ಟ ಗೆರೆ, ಬೊಬ್ಬೆ ಏಳುತ್ತಿತ್ತು. ಎಷ್ಟು ಆಳ, ಎಷ್ಟು ದಿನ, ಕಲೆ ಉಳಿಯುತ್ತದಾ, ಎಲ್ಲ ನನಗೆ ಗೊತ್ತಿತ್ತು. ಉಳಿಯುತ್ತದೆ. ಬ್ಯಾಂಡೇಜು ಕಟ್ಟಿ, ತುಪ್ಪ ಹಾಕಿ ಹೋಳಿಗೆ ಬಡಿಸಿದೆ. ಇಬ್ಬರೂ ಕೂತು ತಿಂದೆವು. ಗಂಡ ಬಂದಾಗ ಹಂಚು ತಗುಲಿತು ಎಂದೆ. ಗೋಡೆಯಾಚೆ ಅಜ್ಜನ ರೇಡಿಯೋ ಎಂದೂ ಇಲ್ಲದಷ್ಟು ಜೋರಾಗಿ ಹಾಡುತ್ತಿತ್ತು. ಕಿವಿ ಮಂದವಾಗುತ್ತಿದೆಯೇನೋ ಪಾಪ ಎಂದುಕೊಂಡೆ.

ಎರಡು ದಿನಕ್ಕೆ ಶಾಲೆಯಿಂದ ಕರೆ ಬಂತು. ಆಟದ ಪಿರಿಯಡ್ಡಿನಲ್ಲಿ ಬ್ಯಾಂಡೇಜು ನೋಡಿದ ಟೀಚರು ಕೇಳಿದ್ದಕ್ಕೆ ಮಗಳು ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದಳು: ಅಮ್ಮ ಹೊಡೆದಳು, ಚರ್ಮ ಸುಲಿಯುತ್ತೇನೆ ಅಂದಳು. ನಾನು ಆಸ್ಪತ್ರೆಯ ಕಾರ್ಡು ಕುತ್ತಿಗೆಯಲ್ಲೇ ಬಿಟ್ಟುಕೊಂಡು ಹೋದೆ. ಬೇಕೆಂದೇ ಬಿಟ್ಟುಕೊಂಡಿದ್ದೆ. ಡೆಪ್ಯುಟಿ ಹೆಡ್, ನನ್ನ ವಯಸ್ಸಿನ ಸೌಮ್ಯ ಹೆಂಗಸು, ಎದುರಿಗೆ ಫಾರಂ ಇಟ್ಟುಕೊಂಡಿದ್ದರು. ನಾನು ನಕ್ಕೆ. ಹಬ್ಬದ ಅಡುಗೆ, ಕಾದ ಹಂಚು, ಮಗು ಕೈ ಚಾಚಿತು. ಇನ್ನು ಆ ಚರ್ಮದ ಮಾತು, ಅದು ನಮ್ಮ ಭಾಷೆಯ ನುಡಿಗಟ್ಟು. ಕೊಂದೇಬಿಡುತ್ತೇನೆ ಎಂದು ನೀವು ಅನ್ನುವುದಿಲ್ಲವೇ? ನಮ್ಮ ಅಜ್ಜಿಯರು ಮುದ್ದು ಮಾಡುವಾಗಲೂ ಹಾಗೇ ಅನ್ನುವುದು. ಅವರ ಮುಖ ಸಡಿಲವಾಯಿತು. ಬೇರೆಯವರ ಸಂಸ್ಕೃತಿಯನ್ನು ತಪ್ಪು ತಿಳಿದೆನೇನೋ ಎಂಬ ನಾಚಿಕೆಯೂ ಕಂಡಿತು. ಆ ನಾಚಿಕೆಯನ್ನು ನಾನು ಬಳಸಿಕೊಂಡೆ.

ಮಗಳನ್ನು ಕರೆಸಿದರು. ಅವಳು ನನ್ನ ಪಕ್ಕದ ಕುರ್ಚಿಯಲ್ಲಿ ಕೂತಳು. ನಾನು ಅವಳ ಕೂದಲು ನೇವರಿಸಿ, ಮುಖದ ತುಂಬ ನಗು ತುಂಬಿಕೊಂಡು, ಜೋಗುಳದ ಧ್ವನಿಯಲ್ಲಿ ಕನ್ನಡದಲ್ಲಿ ಹೇಳಿದೆ: "ಬಾಯಿ ಬಿಟ್ರೆ ಚರ್ಮ ಸುಲೀತೀನಿ, ಚಿನ್ನ. ಹೂಂ ಅನ್ನು."

ಡೆಪ್ಯುಟಿ ಹೆಡ್ ಕೂಡ ಮುಗುಳ್ನಕ್ಕರು. ಅಮ್ಮ ಧೈರ್ಯ ಹೇಳುತ್ತಿದ್ದಾಳೆ ಎಂದುಕೊಂಡಿರಬೇಕು. ಮಗಳು ನನ್ನನ್ನು ನೋಡಿದಳು, ಅವರನ್ನು ನೋಡಿದಳು, "ಹೂಂ" ಅಂದಳು. ಆಮೇಲೆ ಅವರಿಗಾಗಿ ಇಂಗ್ಲಿಷಿನಲ್ಲಿ, ತಾನು ಸುಳ್ಳು ಹೇಳಿದೆ ಅಂದಳು. ಅವರು ಸುಳ್ಳಿನ ಬಗ್ಗೆ ಅವಳಿಗೆ ನಾಲ್ಕು ಬುದ್ಧಿಮಾತು ಹೇಳಿದರು. ನಾನು ತಲೆಯಾಡಿಸುತ್ತ ಕೂತಿದ್ದೆ.

ಅವತ್ತಿನಿಂದ ಅವಳು ಕನ್ನಡ ಬಿಟ್ಟಳು. ಅಮ್ಮ ಹೋಗಿ ಮಮ್ ಬಂತು. ಕನ್ನಡದಲ್ಲಿ ಕರೆದರೆ ಕೇಳಿಸದ ಹಾಗೆ ಇರುತ್ತಿದ್ದಳು. ಮೇಲಿನ ಕಪಾಟಿನಿಂದ ಡಬ್ಬಿ ತೆಗೆಯಲು ನಾನು ಕೈ ಎತ್ತಿದರೆ ಅವಳ ತಲೆ ತಾನಾಗಿ ಕುತ್ತಿಗೆಯೊಳಗೆ ಇಳಿಯುತ್ತಿತ್ತು. ನಾನೂ ಹಾಗೇ ಬೆಳೆದವಳು, ಆ ಕುತ್ತಿಗೆ ನನಗೆ ಗೊತ್ತು. ಗೊತ್ತಿದ್ದೂ ಡಬ್ಬಿ ತೆಗೆದು ಅಡುಗೆ ಮುಂದುವರಿಸುತ್ತಿದ್ದೆ. ಶುಕ್ರವಾರ ಅಜ್ಜನ ಮನೆಗೆ ನಾನೊಬ್ಬಳೇ ಹೋಗತೊಡಗಿದೆ. ಹೋಮ್‌ವರ್ಕ್ ಎಂದು ನೆಪ ಹೇಳುತ್ತಿದ್ದೆ. ಅಜ್ಜ ಏನೂ ಕೇಳುತ್ತಿರಲಿಲ್ಲ.

ಏಪ್ರಿಲಿನಲ್ಲಿ ಚರ್ಮರೋಗದ ವಾರ ಬಂತು. "ನಿನ್ನದೇ ಇಲಾಖೆ" ಅಂದರು ಅಜ್ಜ. ಮೈಮೇಲೆ ಬಿಳಿ ಮಚ್ಚೆ, ಹುಣ್ಣು ಎದ್ದವರನ್ನು ಪೂಜಾರಿ ಪರೀಕ್ಷೆ ಮಾಡಿ ಊರ ಹೊರಗೆ ಇಡುತ್ತಿದ್ದನಂತೆ. ಅದು ಸೋರಿಯಾಸಿಸ್ ಇರಬೇಕು, ಮುಲಾಮು ಕೊಟ್ಟಿದ್ದರೆ ಹತೋಟಿಗೆ ಬರುತ್ತಿತ್ತು ಎಂದು ನಾನು ಹಂಗಿಸಿದೆ. "ಇರಬಹುದು. ಆದರೆ ನಮ್ಮ ಹಿರಿಯರು ಅದು ನಾಲಗೆಯಿಂದ ಬರೋ ರೋಗ ಅಂತಿದ್ದರು. ಒಬ್ಬರ ಮೇಲೆ ಕೆಟ್ಟ ಮಾತು ಹೊರಿಸಿದರೆ ಅದು ಆಡಿದವನ ಚರ್ಮದ ಮೇಲೆ ಬರೆದ ಹಾಗೆ ಕಾಣ್ತಿತ್ತಂತೆ." ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನಾನು ನನ್ನ ಮುಂಗೈ ನೋಡಿಕೊಂಡೆ. ಅಜ್ಜ ಟೀ ಕಲಕುತ್ತ, "ಮನುಷ್ಯರಿಗೆ ಮಾತ್ರ ಅಲ್ಲ, ಮನೆಯ ಗೋಡೆಗೂ ಬರತ್ತಂತೆ ಆ ರೋಗ" ಎಂದರು. ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ತಿಳಿಯದ ಸಿಟ್ಟು. ಟೀ ಅರ್ಧಕ್ಕೆ ಬಿಟ್ಟು ಎದ್ದುಬಂದೆ.

ಅದರ ಮುಂದಿನ ಒಂದು ಶುಕ್ರವಾರ, ಇಡೀ ವರ್ಷದಲ್ಲಿ ಅದೊಂದೇ ಸಲ, ಅಜ್ಜ ಕಥೆ ಹೇಳಲಿಲ್ಲ. ಈ ವಾರದ್ದರಲ್ಲಿ ಬರೀ ನಿಯಮಗಳು, ನನಗೆ ಸುಸ್ತಾಗಿದೆ ಎಂದು ಪುಸ್ತಕ ಮುಚ್ಚಿದರು.

ಜುಲೈನಲ್ಲಿ ಬಂಡೆಯ ಕಥೆ. ಜನರನ್ನು ಗುಲಾಮಗಿರಿಯಿಂದ ಬಿಡಿಸಿ ಮರುಭೂಮಿಯಲ್ಲಿ ನಲವತ್ತು ವರ್ಷ ನಡೆಸಿದ ಹಿರಿಯ, ನೀರಿಲ್ಲದೆ ಜನ ಗೋಳಿಟ್ಟಾಗ ದೇವರ ಮೊರೆ ಹೋದ. ಬಂಡೆಯೊಡನೆ ಮಾತಾಡು, ನೀರು ಕೊಡುತ್ತದೆ ಎಂದ ದೇವರು. ಅವನು ಸಿಟ್ಟಿನಲ್ಲಿದ್ದ. ಕೋಲು ಎತ್ತಿ ಹೊಡೆದ, ಎರಡು ಸಲ. ಆ ಒಂದು ತಪ್ಪಿಗೆ, ನಲವತ್ತು ವರ್ಷ ಹಂಬಲಿಸಿದ ಊರಿಗೆ ಅವನನ್ನು ಕಾಲಿಡಲು ಬಿಡಲಿಲ್ಲ. "ಎರಡು ಸಲ" ಎಂದು ಅಜ್ಜ ಎರಡು ಬೆರಳು ತೋರಿಸಿದರು. ನಾನು ಜಗಳಕ್ಕೆ ಬಿದ್ದೆ. ಹೊಡೆದರೂ ನೀರು ಬಂತಲ್ಲ? ಜನ ಕುಡಿದರಲ್ಲ? ನಮ್ಮಪ್ಪ ಹೊಡೆದದ್ದಕ್ಕೇ ನಾನು ಡಾಕ್ಟರಾದದ್ದು. "ಬಂತು ಲವ್" ಅಂದರು ಅಜ್ಜ. "ನೀರು ಬಂತು. ಅದೇ ಕಷ್ಟ ನೋಡು. ನೀರು ಬರದೇ ಇದ್ದಿದ್ದರೆ ಹೊಡೆಯೋದನ್ನ ಎಲ್ಲರೂ ಯಾವತ್ತೋ ಬಿಡ್ತಿದ್ದರು."

ಶರತ್ಕಾಲ ಬಂತು. ಅವರ ಹೊಸ ವರ್ಷದ ಹತ್ತನೆಯ ದಿನ ಯೋಮ್ ಕಿಪ್ಪುರ್, ಉಪವಾಸವಿದ್ದು ತಪ್ಪು ಒಪ್ಪಿಕೊಳ್ಳುವ ದಿನ. ಅದರ ನಿಯಮ ಅಜ್ಜ ನನಗೆ ಮೊದಲೇ ಹೇಳಿದ್ದರು. ದೇವರಿಗೆ ಮಾಡಿದ ತಪ್ಪನ್ನು ದೇವರು ಮನ್ನಿಸುತ್ತಾನೆ. ಮನುಷ್ಯರಿಗೆ ಮಾಡಿದ್ದನ್ನು ಆ ಮನುಷ್ಯರೇ ಮನ್ನಿಸಬೇಕು, ಅವರ ಬಾಗಿಲಿಗೆ ಹೋಗಿ ಕೇಳಬೇಕು. ಅದರ ಮುನ್ನಾದಿನ ಮಧ್ಯಾಹ್ನ, ಸ್ಕೂಲು ಬಿಟ್ಟು ಮಗಳು ಮನೆಗೆ ಬಂದು ಸ್ವಲ್ಪ ಹೊತ್ತಿಗೆ, ನಮ್ಮ ಬೆಲ್ಲು ಹೊಡೆಯಿತು. ಅಜ್ಜ ಕಪ್ಪು ಕೋಟು ಹಾಕಿ, ಕೆಳಗೆ ಬಿಳಿ ಕ್ಯಾನ್ವಾಸ್ ಶೂ ಹಾಕಿದ್ದರು. ಆ ದಿನ ಚರ್ಮದ ಚಪ್ಪಲಿ ಮೆಟ್ಟುವಂತಿಲ್ಲವಂತೆ. ನನ್ನಲ್ಲಿ ಏನು ಕ್ಷಮೆ ಕೇಳಲು ಬಂದಿರಿ, ಕುಕ್ಕರಿನ ವಿಷಲ್ ಎಣಿಸಿದ್ದಕ್ಕಾ ಎಂದು ನಾನು ನಕ್ಕೆ.

"ನಿನ್ನ ಹತ್ತಿರ ಅಲ್ಲ ಲವ್. ಮಗುವಿನ ಹತ್ತಿರ."

ಮಗಳು ಮೆಟ್ಟಿಲಿಳಿದು ಬಂದು ನಡುವೆ ನಿಂತಳು. ಅಜ್ಜ ಬಾಗಿಲಲ್ಲೇ ನಿಂತು, ಚೌಕಟ್ಟು ಹಿಡಿದುಕೊಂಡು ಹೇಳಿದರು. "ನಿಮ್ಮ ಹಬ್ಬದ ದಿನ ಅಮ್ಮ ನಿನ್ನನ್ನ ಹೊಡೆದಳು. ನೀನು ಕಿರುಚಿದ್ದು ನನಗೆ ಕೇಳಿಸಿತು. ಎರಡು ಏಟೂ ಕೇಳಿಸಿತು. ನಾನು ಬರಲಿಲ್ಲ. ರೇಡಿಯೋ ಜೋರು ಮಾಡಿದೆ, ಆ ಗಿರಿಗಟ್ಟೆ ಥರ. ನೆರೆಯವರ ರಕ್ತ ಬೀಳುವಾಗ ಸುಮ್ಮನೆ ನಿಲ್ಲಬೇಡ ಅಂತ ನಮ್ಮ ಪುಸ್ತಕದಲ್ಲಿ ಇದೆ. ಆ ಮಾತು ಬರೋ ವಾರ ನಿನ್ನ ಅಮ್ಮನಿಗೆ ನಾನು ಕಥೆ ಹೇಳಲಿಲ್ಲ. ನನಗೆ ಓದೋಕೆ ಬಾಯಿ ಬರಲಿಲ್ಲ. ನನ್ನನ್ನ ಕ್ಷಮಿಸ್ತೀಯಾ?"

ಗೋಡೆಗೂ ಕಿವಿ ಇರುತ್ತದೆ ಎಂದು ಸಾವಿರ ಸಲ ಅಂದಿದ್ದೇನೆ. ಅವತ್ತು ಆ ಕಿವಿ ನನ್ನ ಬಾಗಿಲಲ್ಲಿ ನಿಂತಿತ್ತು. ನನಗೆ ಮೊದಲು ಬಂದದ್ದು ಪಶ್ಚಾತ್ತಾಪವಲ್ಲ, ಬರೆದುಬಿಡುತ್ತೇನೆ. ಆ ಮುದುಕನ ಕುತ್ತಿಗೆ ಹಿಡಿದು ಹೊರಗೆ ದಬ್ಬಿ ಬಾಗಿಲು ಹಾಕಿಕೊಳ್ಳಬೇಕು ಅನ್ನಿಸಿತು. ಕೈ ಬಾಗಿಲ ಹಿಡಿಯ ಮೇಲೆಯೇ ಇತ್ತು.

"ನಿಮಗೆ ಕೇಳಿಸಿತಾ?" ಎಂದು ಮಗಳು ಇಂಗ್ಲಿಷಿನಲ್ಲಿ ಕೇಳಿದಳು. "ಹಾಗಾದರೆ ಅದು ನಿಜವಾಗಿ ನಡೆಯಿತಲ್ಲ?" ಅಷ್ಟು ಹೇಳಿ, ಮೆಟ್ಟಿಲ ಮೇಲೆ ಕೂತು, ಬಿಕ್ಕಿ ಬಿಕ್ಕಿ ಅತ್ತಳು. ಆರು ತಿಂಗಳು ತನ್ನನ್ನು ತಾನೇ ಸುಳ್ಳಿ ಎಂದುಕೊಂಡು ಮಗು ಬದುಕಿತ್ತು. ನನ್ನ ಸಿಟ್ಟೆಲ್ಲ ಒಮ್ಮೆಗೇ ಇಳಿದುಹೋಗಿ ಅಲ್ಲೊಂದು ಹೆದರಿಕೆ ಉಳಿಯಿತು. ಅವಳು ಅಜ್ಜನಿಗೆ ತಲೆಯಾಡಿಸಿದಳು, ಕ್ಷಮಿಸಿದೆ ಎಂದು. ಅಜ್ಜ ಕಣ್ಣೊರೆಸಿಕೊಂಡು, ಉಪವಾಸಕ್ಕೆ ಮೊದಲಿನ ಊಟಕ್ಕೆ ಹೊತ್ತಾಯಿತೆಂದು ಮನೆಗೆ ಹೋದರು.

ನಾನು ಮೆಟ್ಟಿಲ ಬಳಿ ಮಂಡಿಯೂರಿ, "ಕ್ಷಮಿಸು ಕಂದಾ" ಅಂದೆ. ಅವಳು ಇಂಗ್ಲಿಷಿನಲ್ಲಿ ಹೇಳು ಅಂದಳು. ಇಂಗ್ಲಿಷಿನಲ್ಲಿ ಹೇಳಿದೆ. "ನೋ" ಅಂದಳು. ಹಾಗಾದರೆ ನಾನೇನು ಮಾಡಲಿ ಎಂದು ಕೇಳಿದೆ. ಅವಳಿಗೆ ಉತ್ತರ ಸಿದ್ಧವಿತ್ತು, ತಿಂಗಳುಗಟ್ಟಲೆ ಯೋಚಿಸಿಟ್ಟಿದ್ದಿರಬೇಕು. ಸ್ಕೂಲಿಗೆ ಬಂದು, ಅವತ್ತು ನನಗೆ ಕನ್ನಡದಲ್ಲಿ ಏನು ಹೇಳಿದೆ ಅಂತ ಅವರಿಗೆ ಟ್ರಾನ್ಸ್‌ಲೇಟ್ ಮಾಡು.

ಸಂಜೆ ಗಂಡನಿಗೆ ಎಲ್ಲ ಹೇಳಿದೆ. ಅವನು, "ನಿನ್ನ ಕೆಲಸ ಹೋಗಬಹುದು. ಮಗೂನ ಕರ್ಕೊಂಡು ಹೋಗಬಹುದು. ಅವಳ ಹತ್ರ ಸಾರಿ ಕೇಳಿದೀಯಲ್ಲ, ಮನೆ ವಿಷಯ ಮನೇಲೇ ಮುಗೀಲಿ" ಅಂದ. ತಪ್ಪು ಹೇಳಲಿಲ್ಲ, ಆ ಹೆದರಿಕೆ ನನಗೂ ಇತ್ತು. ಮುಂದೆ ನಮ್ಮ ಮನೆಗೆ ಸೋಶಿಯಲ್ ವರ್ಕರು ಬಂದರು, ಕಪಾಟುಗಳನ್ನೂ ಮಗಳ ಕೋಣೆಯನ್ನೂ ನೋಡಿದರು. ಆಸ್ಪತ್ರೆಗೆ ಪತ್ರ ಹೋಯಿತು. ನಾಲ್ಕು ತಿಂಗಳು ನಾನು ಮಕ್ಕಳ ಚರ್ಮ ಮುಟ್ಟುವಂತಿರಲಿಲ್ಲ. ಸಿಟ್ಟಿನ ಬಗ್ಗೆ ಕಲಿಸುವ ತರಗತಿಗೆ, ನನ್ನ ಅರ್ಧ ವಯಸ್ಸಿನವರ ಜೊತೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತೆ. ಅದೆಲ್ಲ ನನಗೆ ಸಲ್ಲಬೇಕಾದದ್ದೇ. ಆದರೆ ಅವಳ ಜೊತೆ ಹೋಗಿ ಸ್ಕೂಲಿನ ಆ ಬಾಗಿಲು ತಟ್ಟುವಾಗ ಇದೆಲ್ಲ ಗೊತ್ತಿರಲಿಲ್ಲ. ಇದಕ್ಕಿಂತ ಘೋರವಾದದ್ದನ್ನೇ ಊಹಿಸಿಕೊಂಡು ತಟ್ಟಿದೆ.

ಅದೇ ಕೋಣೆ, ಅದೇ ಡೆಪ್ಯುಟಿ ಹೆಡ್. ಮಗಳು ನನ್ನ ಪಕ್ಕ ಅಲ್ಲ, ಅವರ ಪಕ್ಕದ ಕುರ್ಚಿ ಆರಿಸಿಕೊಂಡಳು. ನಾನು ಹೊಡೆದೆ, ಕಾದ ಸಟ್ಟುಗದಿಂದ, ಎರಡು ಸಲ, ಮಗು ಹೇಳಿದ್ದು ನಿಜ, ಸುಳ್ಳು ಹೇಳಿದವಳು ನಾನು ಎಂದೆ. ಅವರು ಬರೆದುಕೊಂಡರು. ಇನ್ನೊಂದಿದೆ ಎಂದೆ. ಇಲ್ಲಿ, ನಿಮ್ಮೆದುರಿಗೆ, ನೀವು ಮುಗುಳ್ನಕ್ಕಿರಲ್ಲ, ಆಗ ನಾನು ಇವಳಿಗೆ ಹೇಳಿದ್ದು. ನೇರ ಇಂಗ್ಲಿಷಿಗೆ ತಂದೆ: ಬಾಯಿ ಬಿಟ್ಟರೆ ನಿನ್ನ ಚರ್ಮ ಸುಲಿಯುತ್ತೇನೆ, ಹೌದು ಎಂದು ಹೇಳು.

ಡೆಪ್ಯುಟಿ ಹೆಡ್ ಪೆನ್ನು ಕೆಳಗಿಟ್ಟರು. ಅವರ ಮುಖ ಬಿಳಿಚಿತ್ತು. ಮಗಳ ಕಡೆ ತಿರುಗಿ, ಅಮ್ಮ ಹೇಳಿದ್ದು ಸರಿಯಾ ಎಂದು ಕೇಳಿದರು. ಅವಳು ಸ್ವಲ್ಪ ಯೋಚಿಸಿ, ಇಲ್ಲ, ಒಂದು ಪದ ಬಿಟ್ಟಿದ್ದಾಳೆ ಅಂದಳು.

ಯಾವ ಪದ ಎಂದು ನನಗೆ ನಿಜಕ್ಕೂ ಹೊಳೆಯಲಿಲ್ಲ.

"ಚಿನ್ನ" ಅಂದಳು.

ಆರು ತಿಂಗಳಲ್ಲಿ ಅವಳ ಬಾಯಿಂದ ಬಂದ ಮೊದಲ ಕನ್ನಡ ಪದ ಅದು. ಡೆಪ್ಯುಟಿ ಹೆಡ್ ಅದರ ಅರ್ಥ ಏನು ಎಂದು ನನ್ನನ್ನು ಕೇಳಿದರು. ಹೇಳಿದೆ. ಆಮೇಲೆ ಅದನ್ನೂ ಸೇರಿಸಿ, ಇಡೀ ವಾಕ್ಯವನ್ನು ಮೊದಲಿನಿಂದ ಮತ್ತೆ ಹೇಳಿದೆ.